ಮುರಿಯಬೇಕಿದ್ದ ಪಿನ್ನು

ಬಾಗಲಕೋಟೆಯ ನವನಗರದ ತನ್ನ ಶೆಡ್ಡಿನಲ್ಲಿ ಪ್ರೇಮಕುಮಾರ ಜೋಳದ ಹಿಟ್ಟು ನಾದುವ ಮಷಿನ್ ಮಾಡುತ್ತಿದ್ದ. ಡಿಪ್ಲೊಮಾದಲ್ಲಿ ಕಲಿತದ್ದನ್ನೆಲ್ಲ ಅದರೊಳಗೆ ಹಾಕಿದ್ದ. ಮೋಟಾರಿನಿಂದ ಬರುವ ದಂಡಕ್ಕೂ ಡಬರಿಯೊಳಗೆ ತಿರುಗುವ ರೆಕ್ಕೆಗೂ ನಡುವೆ ಹಿತ್ತಾಳೆಯ ಸಣ್ಣ ಪಿನ್ನು. ರೆಕ್ಕೆಗೆ ಏನಾದರೂ ಸಿಕ್ಕಿಕೊಂಡರೆ ಮೊದಲು ಆ ಪಿನ್ನು ಮುರಿಯಬೇಕು, ರೆಕ್ಕೆ ಅಲ್ಲೇ ನಿಲ್ಲಬೇಕು. ಅದನ್ನು ಮುರಿಯಲೆಂದೇ ಇಟ್ಟಿದ್ದ.

ಮೊದಲ ಮಷಿನ್ ಶಿರೂರಿನ ಹೆಂಗಸರ ರೊಟ್ಟಿ ಸಂಘಕ್ಕೆ ಹೋಯಿತು. ಸಂಘ ನಡೆಸುವವಳು ಶಿವಬಸವ್ವ, ಬಾಯಿ ಜೋರು, ಕೈ ಅದಕ್ಕಿಂತ ಜೋರು. ಹಿಟ್ಟು ಗಟ್ಟಿಯಾದಾಗಲೆಲ್ಲ ಪಿನ್ನು ಮುರಿಯುತ್ತಿತ್ತು. ಒಮ್ಮೆ ಇಳಕಲ್ಲಿನಿಂದ ದಾನೇಶ್ವರಿ ಎಂಬಾಕೆ, ತಾನು ಕೊಂಡ ಮಷಿನ್ ಚಲೋ ಇದೆ ಎಂದು, ಇನ್ನಿಬ್ಬರನ್ನು ಶೆಡ್ಡು ತೋರಿಸಲು ಕರೆತಂದಿದ್ದಾಗಲೇ ಶಿವಬಸವ್ವನ ಫೋನು ಬಂತು.

“ಏನ್ ಮಾಡೀಪಾ ಮಷಿನ್ನ? ಮತ್ತ ಮುರೀತು ನೋಡು! ಲಗ್ನದ ಮನಿಯವ್ರು ಬಾಗಲಾಗ ನಿಂತಾರ.”

ಮಾತು ಶೆಡ್ಡಿಗೆಲ್ಲ ಕೇಳಿಸಿತು. ಬಂದವರು ಮುಖ ಮುಖ ನೋಡಿಕೊಂಡರು. ಪ್ರೇಮಕುಮಾರನ ಕಿವಿ ಬಿಸಿಯಾದವು. ಅದನ್ನ ಮುರೀಲಿ ಅಂತನ ಇಟ್ಟೇನ್ರಿ, ನೀರು ಸ್ವಲ್ಪ ಜಾಸ್ತಿ ಹಾಕ್ರಿ ಅನ್ನಬಹುದಿತ್ತು. ಕೆಟ್ಟ ಮಾಲು ಮಾರಿದವನ ನೆವದಂತೆ ಕೇಳಿಸೀತೆಂದು ಅನ್ನಲಿಲ್ಲ. ಮರುದಿನ ಶಿರೂರಿಗೆ ಹೋಗಿ ಪಿನ್ನಿನ ಜಾಗದಲ್ಲಿ ಗಟ್ಟಿ ಉಕ್ಕಿನ ಬೋಲ್ಟು ಜಡಿದ.

“ಇನ್ನ ಮುರಿಯಂಗಿಲ್ರಿ ಅಕ್ಕಾರ.”

ಶಿವಬಸವ್ವ ಬಿಸಿ ರೊಟ್ಟಿಯ ಮೇಲೆ ಎಣ್ಣಿಗಾಯಿ ಹಾಕಿ ಕೊಟ್ಟಳು. “ಈಗ ಖರೆ ಮಷಿನ್ ಆತು ನೋಡು,” ಅಂದಳು. ಆ ಮಾತಿನ ಖುಷಿಗೆ ಅವನು ಬಾದಾಮಿಗೆ ಮಾರಿದ್ದ ಮಷಿನ್ನಿಗೂ ಇಳಕಲ್ಲಿನದಕ್ಕೂ ಅದೇ ಬೋಲ್ಟು ಹಾಕಿ ಬಂದ.

ಮುಂದೆ ಒಂದು ಮಧ್ಯಾಹ್ನ ಡಬರಿಗೆ ಅಂಟಿದ ಹಿಟ್ಟನ್ನು ಶಿವಬಸವ್ವ ಸವುಟಿನಿಂದ ಕೆರೆಯುತ್ತಿದ್ದಾಗ ಸವುಟು ರೆಕ್ಕೆಗೆ ಸಿಕ್ಕಿತು. ರೆಕ್ಕೆ ನಿಲ್ಲಲಿಲ್ಲ. ಸವುಟಿನ ಜೊತೆ ಕೈಯನ್ನೂ ಎಳೆದುಕೊಂಡಿತು. ಪಕ್ಕದಲ್ಲಿದ್ದ ಮಲ್ಲಮ್ಮ ಓಡಿಬಂದು ಸ್ವಿಚ್ ಆರಿಸುವಷ್ಟರಲ್ಲಿ ಬಲಗೈಯ ಎರಡು ಬೆರಳು ಉಳಿಯುವಂತಿರಲಿಲ್ಲ.

ಬಾಗಲಕೋಟೆಯ ದವಾಖಾನೆಗೆ ಪ್ರೇಮಕುಮಾರ ಓಡಿದ. ಬಾಗಿಲಲ್ಲೇ ಅವಳ ಗಂಡ ಅಮಾತೆಪ್ಪ ಕೈಮುಗಿದ.

“ತಪ್ಪು ಅಕೀದ ಐತ್ರಿ. ಚಾಲೂ ಮಷಿನ್ಯಾಗ ಕೈ ಹಾಕ್ಯಾಳ. ಪಾಪ, ಹುಡುಗನ ಹೆಸರು ಕೆಡಸಬ್ಯಾಡ್ರಿ ಅಂತ ಎಲ್ಲಾರಿಗೂ ಹೇಳ್ಯಾಳ.”

ಪ್ರೇಮಕುಮಾರ ತಲೆಯಾಡಿಸಿದ. ತಂದ ಮೋಸಂಬಿ ಕೊಟ್ಟು, ಅವಳ ಮುಖ ನೋಡದೆ ತಿರುಗಿ ಬಂದ. ಬೋಲ್ಟು ಹಾಕಿದ್ದಕ್ಕಿಂತ ಆ ತಲೆಯಾಡಿಸಿದ್ದೇ ಅವನನ್ನು ತಿನ್ನತೊಡಗಿತು. ಊಟಕ್ಕೆ ಕೂತರೆ ತನ್ನ ಬೆರಳುಗಳೇ ಕಣ್ಣಿಗೆ ಬೀಳುತ್ತಿದ್ದವು.

ಅವಳು ಮನೆಗೆ ಬಂದ ಸುದ್ದಿ ತಿಳಿದು ಶಿರೂರಿಗೆ ಹೋದ. ಶಿವಬಸವ್ವ ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಪಡಸಾಲೆಯಲ್ಲಿ ಕೂತಿದ್ದಳು.

“ಅಕ್ಕಾರ, ತಪ್ಪು ನಿಮ್ದಲ್ರಿ. ನಂದು,” ಎಂದವನು ಪಿನ್ನಿನ ಕತೆಯನ್ನೆಲ್ಲ ಹೇಳಿದ. ಚಹಾ ತಂದಿದ್ದ ಅಮಾತೆಪ್ಪ ಹೊಸ್ತಿಲಲ್ಲಿ ನಿಂತು ಕೇಳಿದ. ಆಮೇಲೆ ಕಪ್ಪು ಹಿಡಿದುಕೊಂಡೇ ಒಳಗೆ ಹೋಗಿಬಿಟ್ಟ.

“ಅಂದ್ರ ಅದು ಮುರೀತಿದ್ದದ್ದು ನಮ್ಮ ಸಲುವಾಗಿ?” ಶಿವಬಸವ್ವ ಕೇಳಿದಳು.

“ಹೌದ್ರಿ.”

“ಅಷ್ಟ ಹೇಳಾಕ ನಿನಗೇನಾಗಿತ್ತು? ನಾ ಬೈದೆ ಖರೆ. ತಿಳಿಸಿ ಹೇಳಿದ್ರ ಕೇಳ್ತಿದ್ದಿಲ್ಲೇನು?”

“ಮುರೀತು ಅಂದ್ರ ನನಗ ನಾಚಿಕಿ ಬರ್ತಿತ್ರಿ.”

“ನಿನ್ನ ನಾಚಿಕಿಗೆ ನನ್ನ ಬೆರಳು ಹೋದ್ವಲ್ಲೋ ತಮ್ಮಾ.”

ಅವಳು ದನಿ ಏರಿಸಲಿಲ್ಲ. ಏರಿಸಿದ್ದರೆ ಸಹಿಸಬಹುದಿತ್ತು. ಅವನ ಕಣ್ಣಲ್ಲಿ ನೀರು ಬಂತು.

“ಅತ್ತರ ಏನ್ ಬಂತು? ಬ್ಯಾರೆ ಕಡೆನೂ ಇದನ್ನ ಹಾಕೀಯೇನು?”

“ಬಾದಾಮ್ಯಾಗ, ಇಳಕಲ್ದಾಗ ಹಾಕೇನ್ರಿ.”

“ಮತ್ತ ಇಲ್ಯಾಕ ಕುಂತಿ? ಏಳು!”

ಅಂಗಳದಲ್ಲಿ ನಿಂತು ಎರಡೂ ಕಡೆ ಫೋನು ಹಚ್ಚಿ, ತಾನು ಬರುವ ತನಕ ಮಷಿನ್ ಬಂದ್ ಇಡಲು ಹೇಳಿದ. “ಯಾಕ್ರಿ ಬಂದ್ ಇಡಬೇಕು?” ಎಂದು ದಾನೇಶ್ವರಿ ಕೇಳಿದಾಗ, ಸರ್ವಿಸ್ ಮಾಡೋದೈತಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡು ನಡೆದದ್ದನ್ನು ಹೇಳಿದ. ಆಕೆ ಪೂರ್ತಿ ಕೇಳಿ, “ನಿಮ್ಮ ಮಷಿನ್ ನೀವ ಒಯ್ರಿ,” ಎಂದಳು. ಬಾದಾಮಿಯವರು ಬೋಲ್ಟು ಬದಲಿಸಲು ಬಿಟ್ಟರು. ಕೆಲಸ ಮುಗಿಯುವ ತನಕ ಒಬ್ಬರೂ ಅವನೊಡನೆ ಮಾತಾಡಲಿಲ್ಲ.

ಶಿರೂರಿನ ಮಷಿನ್ನಿಗೆ ಹಿತ್ತಾಳೆಯ ಪಿನ್ನು ಹಾಕಿ, ತೆರೆದರೆ ಮೋಟಾರು ತಾನೇ ನಿಲ್ಲುವಂಥ ಮುಚ್ಚಳ ಕೂಡಿಸಿದ. ಶಿವಬಸವ್ವ ಸಂಘದ ಹೆಂಗಸರನ್ನೆಲ್ಲ ಕರೆಸಿ, “ನನಗ ಹೇಳಿದ್ದು ಇವರಿಗೂ ಹೇಳು,” ಎಂದಳು. ಅವನು ನೆಲ ನೋಡುತ್ತ ಹೇಳಿದ. ಗೊತ್ತಿದ್ದೂ ಯಾಕೆ ಹಾಕಿದಿ ಎಂದು ಮಲ್ಲಮ್ಮ ಕೇಳಿದಳು. ನಾಚಿಕೆಯ ಅದೇ ಉತ್ತರವನ್ನು ಮತ್ತೊಮ್ಮೆ ಕೊಡಬೇಕಾಯಿತು. ಎಷ್ಟು ಸಲ ಹೇಳಿದರೂ ಅದು ಹಗುರಾಗಲಿಲ್ಲ.