ಓಣಿಗೆ ಬೆನ್ನು ತಿರುಗಿಸಿದ ಮನೆ

ನಮ್ಮ ಮನೆಗೆ ಬರುವವರಿಗೆ ಮೊದಲು ಕಾಣುವುದು ಕಕ್ಕಸಿನ ಗೋಡೆ. ಅದು ನಮ್ಮಪ್ಪ ಚನ್ನಯ್ಯನವರ ದೂರದೃಷ್ಟಿ. ಹೊಸಪೇಟೆಯ ರಿಂಗ್ ರೋಡ್ ಚಿತ್ತವಾಡ್ಗಿಯ ನಮ್ಮ ಹಿತ್ತಲಿಗೆ ತಾಗಿಯೇ ಹೋಗುತ್ತದೆಂದು ಸರ್ವೆಯವರು ಕಲ್ಲು ನೆಟ್ಟಿದ್ದೇ ತಡ, ಅಪ್ಪ ಮನೆಯನ್ನೇ ತಿರುಗಿಸಿಬಿಟ್ಟರು. ಹಿತ್ತಲ ಕಡೆ ತೇಗದ ಹೆಬ್ಬಾಗಿಲು, ಅಂಗಡಿ ಮಳಿಗೆ. ಓಣಿಯ ಕಡೆಯ ಹಳೇ ಬಾಗಿಲು ಮುಚ್ಚಿ ಅಲ್ಲಿ ಬಚ್ಚಲು, ಕಕ್ಕಸು.

"ಇನ್ನ ಈ ಓಣಿ ಸವಾಸ ಮುಗೀತು," ಎಂದು ಪಕ್ಕದ ಮನೆಯ ಭೀಮವ್ವನಿಗೆ ಕೇಳಿಸುವಂತೆಯೇ ಅಂದರು.

ಮುಗಿದದ್ದು ಓಣಿಯ ಸಹವಾಸವಲ್ಲ, ರಸ್ತೆಯ ಕಥೆ. ಯೋಜನೆ ಕೈಬಿಟ್ಟರು. ಸಂಡೂರಿನ ಅದಿರು ಲಾರಿಗಳು ಇವತ್ತಿಗೂ ಊರೊಳಗೇ ನುಗ್ಗುತ್ತವೆ, ಒಣಹಾಕಿದ ಬಟ್ಟೆಯೆಲ್ಲ ಕೆಂಪು. ನಮ್ಮ ಹೆಬ್ಬಾಗಿಲ ಮುಂದೆ ರಸ್ತೆಗೆಂದು ಮಣ್ಣು ತೋಡಿ ಬಿಟ್ಟುಹೋದ ತಗ್ಗು, ಜಾಲಿಮುಳ್ಳು. ಓಣಿಗೆ ಹೋಗಲು ಭೀಮವ್ವನ ಗೋಡೆಗೂ ನಮ್ಮ ಗೋಡೆಗೂ ನಡುವಿನ ಸಂದಿಯಲ್ಲಿ ಅಡ್ಡಡ್ಡ ಜಾರಿಕೊಂಡು ಹೋಗಬೇಕು. ಅಜ್ಜಿ ಕೊಟ್ರಬಸಮ್ಮನಿಗೆ ಅದೂ ಆಗುತ್ತಿರಲಿಲ್ಲ. ಮೊದಲು ಹಳೇ ಬಾಗಿಲಲ್ಲಿ ಕೂತು ಭೀಮವ್ವನ ಜೊತೆ ಎಲೆಅಡಿಕೆ ಹಾಕುತ್ತಿದ್ದವಳು, ಆಮೇಲೆ ತೇಗದ ಬಾಗಿಲಲ್ಲಿ ಕೂತು ಜಾಲಿ ನೋಡುತ್ತಿದ್ದಳು.

ಹೋದ ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡಳು. ನಮ್ಮಲ್ಲಿ ಬಿದಿರಿನ ಮಂಟಪದಂಥ ವಿಮಾನ ಕಟ್ಟಿ, ಸತ್ತವರನ್ನು ಅದರಲ್ಲಿ ಕೂರಿಸಿ, ಹೂವಿನಿಂದ ಸಿಂಗರಿಸಿ ಒಯ್ಯುತ್ತಾರೆ. ವಿಮಾನ ಕಟ್ಟಿದ ಮೇಲೆ ಎಲ್ಲರೂ ಮುಖ ಮುಖ ನೋಡಿಕೊಂಡರು. ಮುಂದೆ ತಗ್ಗಿನ ತುಂಬ ಸೊಂಟದುದ್ದ ನೀರು. ಸಂದಿಯಲ್ಲಿ ವಿಮಾನ ಹಿಡಿಸುವುದಿಲ್ಲ. ಓಣಿಗೆ ಉಳಿದದ್ದು ಬೇಲಿಯಾಚೆಯ ಭೀಮವ್ವನ ಅಂಗಳದ ದಾರಿಯೊಂದೇ, ಅಲ್ಲೂ ಅಡ್ಡಕ್ಕೆ ತಗಡಿನ ಚಪ್ಪರ.

"ಆ ಕುಲದೋರ ಅಂಗಳದಾಗ ಹಾಯಿಸಿ ಒಯ್ಯೋದಾ? ಮಂದಿ ಏನಂತಾರ?" ಎಂದ ಕಂಪ್ಲಿಯಿಂದ ಬಂದಿದ್ದ ದೊಡ್ಡಪ್ಪ, ದೊಡ್ಡ ದನಿಯಲ್ಲಿ.

ನನಗೆ ಭೂಮಿ ಬಾಯಿ ತೆರೆಯಬಾರದೇ ಅನಿಸಿತು. ಬೇಲಿಯಾಚೆ ನಿಂತಿದ್ದ ಭೀಮವ್ವನಿಗೆ ಎಲ್ಲವೂ ಕೇಳಿಸಿತ್ತು.

ಆದರೂ ಆಕೆ ಯಾರಾದರೂ ಕೇಳಲಿ ಎಂದು ಕಾಯಲಿಲ್ಲ. "ಲೇ ದುರುಗೇಶಾ, ತಗಡು ಇಳಿಸಲೇ, ಜಲ್ದಿ. ಅಮ್ಮಾರು ಕುಂತಾರ," ಎಂದು ಮಗನನ್ನು ಕೂಗಿದಳು. ತಗಡು ಇಳಿಯಿತು, ಬೇಲಿ ಕಿತ್ತರು. ಭೀಮವ್ವ ತನ್ನ ಅಂಗಳಕ್ಕೆ ನೀರು ಚಿಮುಕಿಸಿದಳು. ಅಜ್ಜಿ ಬಹಳ ದಿನಗಳ ಮೇಲೆ ಓಣಿಗೆ ಬಂದಳು. ದೊಡ್ಡಪ್ಪನೂ ಅದೇ ಅಂಗಳದಲ್ಲಿ ಪಂಚೆ ಎತ್ತಿಕೊಂಡು ಹಾದುಹೋದ.

ಮೂರನೆಯ ದಿನ ಭೀಮವ್ವ ಚಪ್ಪರದ ಗೂಟ ನೆಡುತ್ತಿದ್ದಾಗ ಅಪ್ಪ ಸಂದಿಯಲ್ಲಿ ಜಾರಿಕೊಂಡು ಹೋಗಿ ಆಕೆಯ ಎದುರು ನಿಂತರು. ಹಿಂದೆಯೇ ನಾನೂ ಹೋದೆ.

"ಭೀಮವ್ವಾ, ಬಿಡು, ಗೌಂಡಿ ಕರೆಸೇನಿ. ನಿನ್ನ ಚಪ್ಪರ ಪಕ್ಕಾ ಮಾಡಿಸ್ತೀನಿ. ಈ ಕಕ್ಕಸ ಒಡಿಸಿ ಹಳೇ ಬಾಗ್ಲಾನೂ ತೆಗಿಸ್ತೀನಿ."

ಭೀಮವ್ವ ಗೂಟದ ಬುಡಕ್ಕೆ ಮಣ್ಣು ತುಳಿದಳು. ಸಿಟ್ಟೇನೂ ಇರಲಿಲ್ಲ ಆಕೆಯ ಮುಖದಲ್ಲಿ.

"ಚಪ್ಪರ ನಾವ ಹಾಕ್ಕೋತೀವ್ರಿ. ಬಾಗ್ಲಾ ಈಗ ಯಾರಿಗೆ ತೆಗಿಸ್ತೀರಿ? ಅವತ್ತ ಅಮ್ಮಾರಿಗೆ ಒಂದು ಕಿಟಕಿಯಾರ ಬಿಡಬೇಕಿತ್ತು ನೀವು."

ಅಪ್ಪ ತಿರುಗಿದರು. ಹೊರಟರೆ ಎದುರಿಗೆ ಕಕ್ಕಸಿನ ಗೋಡೆ. ಮತ್ತೆ ಅದೇ ಸಂದಿಯಲ್ಲಿ, ಭೀಮವ್ವ ನೋಡುತ್ತಿದ್ದಂತೆಯೇ, ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ಜಾರಿಕೊಂಡು ಮನೆಗೆ ಬಂದರು.