ಅಂಚು ಕಾಣದ ಕೊಳ

“ಜಾಲರಿ ಗೀಲರಿ ಏನೂ ಬೇಡಮ್ಮ. ಅಂದ ಕೆಟ್ಟೋಗುತ್ತೆ,” ಎಂದ ಬಾಲರಾಜ್.

ಕೊಳದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಅಳತೆ ತೆಗೆಯುತ್ತಿದ್ದ ಶಶಿರೇಖಾ ತಲೆ ಎತ್ತಲಿಲ್ಲ. ಬೆರಳು ಸಡಿಲಾಗಿ ಟೇಪು ಸರ್ರನೆ ಡಬ್ಬಿಯೊಳಕ್ಕೆ ಸುತ್ತಿಕೊಂಡಿತು. ವಿದ್ಯಾರಣ್ಯಪುರದ ಈ ಮನೆಯ ಗೇಟು ದಾಟುವಾಗಲೇ ಅವಳಿಗೆ ಆ ಮನುಷ್ಯನ ಗುರುತು ಸಿಕ್ಕಿತ್ತು. ಹೊಟ್ಟೆ ಸ್ವಲ್ಪ ಮುಂದೆ ಬಂದಿತ್ತು, ಮೀಸೆಗೆ ಬಣ್ಣ ಹಚ್ಚುವುದನ್ನು ನಿಲ್ಲಿಸಿದ್ದ, ಅಷ್ಟೇ. ದನಿ ಅದೇ. ತನ್ನ ಮಾತು ಮುಗಿಯುತ್ತಲೇ ಗಂಟಲು ಸರಿಮಾಡಿಕೊಂಡು, ಇನ್ನು ಚರ್ಚೆಯಿಲ್ಲ ಎಂಬಂತೆ ಆಚೆ ನೋಡುವ ರೀತಿಯೂ ಅದೇ.

ಅವನಿಗೆ ಅವಳ ಗುರುತು ಸಿಕ್ಕಿರಲಿಲ್ಲ.

“ಮಾವ, ಮುನ್ನಿ ಇಲ್ಲೇ ಓಡಾಡ್ತಾ ಇರ್ತಾಳೆ. ನೀರಿನ ಕೆಳಗೊಂದು ಜಾಲರಿ ಇದ್ರೆ ನಂಗೂ ಆಫೀಸಲ್ಲಿ ನೆಮ್ಮದಿ,” ಎಂದಳು ಸೊಸೆ ಹರ್ಷಿತಾ. ಅವಳ ಸೊಂಟದ ಮೇಲೆ ಕೂತಿದ್ದ ಮಗು ತಾಯಿಯ ಐಡಿ ಕಾರ್ಡಿನ ದಾರ ಜಗಿಯುತ್ತಿತ್ತು. “ನೀವೇ ಹೇಳಿ ಮೇಡಂ. ಎಷ್ಟು ಜನರ ಮನೇಲಿ ಮಾಡಿರ್ತೀರ.”

ಬೇರೆ ಯಾರದೇ ಮನೆಯಾಗಿದ್ದರೆ ಶಶಿರೇಖಾಳ ಮೊದಲ ಮಾತೇ ಜಾಲರಿಯದಾಗಿರುತ್ತಿತ್ತು. ಮಕ್ಕಳಿರುವ ಮನೆಯಲ್ಲಿ ಜಾಲರಿ ಇಲ್ಲದ ಕೊಳಕ್ಕೆ ಒಂದು ಗಿಡವನ್ನೂ ಕೊಡುವುದಿಲ್ಲ ಎಂದು ಹೇಳಿ ಬಂದ ಗಿರಾಕಿಗಳನ್ನು ಕಳೆದುಕೊಂಡವಳು ಅವಳು. ಈ ಕೊಳವಂತೂ ಕೊಳವೇ ಅಲ್ಲ, ಮೇಸ್ತ್ರಿ ನೀರಿನ ಸಂಪು ಕಟ್ಟಿದ ಹಾಗೆ ಕಟ್ಟಿಟ್ಟಿದ್ದ. ನಾಲ್ಕೂ ಕಡೆ ನೆಟ್ಟಗಿನ ಗೋಡೆ, ಕಾಲೂರಲು ಒಂದು ಮೆಟ್ಟಿಲಿಲ್ಲ, ತಳಕ್ಕೆ ನುಣ್ಣನೆಯ ಸಿಮೆಂಟು. ನೀರು ತುಂಬಿದರೆ ದೊಡ್ಡವರ ಎದೆಮಟ್ಟ.

“ಸಾರ್ ಹೇಳೋದೂ ಸರೀನೇ,” ಎಂದಳು. “ಗಿಡ ಬೆಳೆದ್ಮೇಲೆ ಜಾಲರಿ ಇದ್ಯೋ ಇಲ್ವೋ ಯಾರಿಗೂ ಗೊತ್ತಾಗಲ್ಲ.”

ಬಾಯಲ್ಲಿ ‘ಸಾರ್’ ಇತ್ತು. ಮನಸ್ಸಿನೊಳಗೆ ಆ ಮನುಷ್ಯನಿಗೆ ಬಹುವಚನ ಕೊಡುವುದನ್ನು ಅವಳು ಬಿಟ್ಟು ವರ್ಷಗಳಾಗಿದ್ದವು.

ಕೆಲವು ವರ್ಷಗಳ ಹಿಂದೆ ಶಶಿರೇಖಾ, ಅವಳ ಗಂಡ, ಮಗ ಸಿದ್ದು ಮೂವರೂ ಯಲಹಂಕದ ಒಂದು ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗಿದ್ದರು. ಅಲ್ಲಿನ ಸಂಘಕ್ಕೆ ಬಾಲರಾಜ್ ಅಧ್ಯಕ್ಷ. ಗೇಟಿನ ಎದುರಿಗಿದ್ದ ಕೊಳದ ಸುತ್ತ ಸೊಂಟದೆತ್ತರದ ಗ್ರಿಲ್ ಇತ್ತು. ಬಂದ ನೆಂಟರ ಕಣ್ಣಿಗೆ ಮೊದಲು ಬೀಳುವುದೇ ಆ ತುಕ್ಕು, ಅಂದ ಕೆಡುತ್ತದೆ ಎಂದು ಅದನ್ನು ಕೀಳಿಸಿದವನು ಅವನೇ. ಮಳೆಗಾಲ ಮುಗಿಯುವುದರೊಳಗೆ ಒಂದು ಸಂಜೆ ಸಿದ್ದು ಮೀನಿನ ಮರಿ ಹಿಡಿಯಲು ಬಚ್ಚಲಿನ ಮಗ್ಗು ತೆಗೆದುಕೊಂಡು ಹೋದ. ಎಂಟು ವರ್ಷದ ಹುಡುಗ. ಕೂಗು ಕೇಳಿ ಶಶಿರೇಖಾ ಕೆಳಗೆ ಓಡಿ ಬಂದಾಗ ಅವಳ ಕೈಯಲ್ಲಿ ಚಪಾತಿ ಹಿಟ್ಟು ಮೆತ್ತಿಕೊಂಡಿತ್ತು.

ಅದನ್ನಾದರೂ ಅವಳು ವಿಧಿ ಎಂದುಕೊಳ್ಳುತ್ತಿದ್ದಳೇನೋ. ಸಂಘ ಕರೆದ ಸಂತಾಪ ಸಭೆಯಲ್ಲಿ ಎಲ್ಲರೂ ಎದ್ದು ಮೌನ ಆಚರಿಸಿ ಕೂತ ಮೇಲೆ ಬಾಲರಾಜ್ ಮೈಕು ಹಿಡಿದು, “ತಾಯಿ ಅನ್ನಿಸ್ಕೊಂಡೋರು ಆ ಹೊತ್ತಲ್ಲಿ ಏನ್ ಮಾಡ್ತಿದ್ರು ಅನ್ನೋದನ್ನೂ ನಾವೆಲ್ಲ ಯೋಚನೆ ಮಾಡ್ಬೇಕಾಗುತ್ತೆ,” ಎಂದ. ಸೆರಗು ಹೊದ್ದು ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಅವಳ ಕಡೆ ತಲೆಗಳು ಒಂದೊಂದಾಗಿ ತಿರುಗಿದವು. ಆ ತಿರುಗಿದ ತಲೆಗಳನ್ನು ಅವಳು ಮರೆಯಲಿಲ್ಲ. ಸಂಬಂಧಿಕರು, ಕೊನೆಗೆ ಗಂಡನೂ, ಬಾಯಲ್ಲಿ ಹೇಳದಿದ್ದರೂ ಒಮ್ಮೊಮ್ಮೆ ಅದೇ ರೀತಿ ತಿರುಗಿ ನೋಡುತ್ತಿದ್ದರು.

ಗಂಡ ಹೆಂಡತಿ ಆ ಮನೆ ಬಿಟ್ಟು ಹಳೇ ಯಲಹಂಕಕ್ಕೆ ಬಂದರು. ಹಿತ್ತಲಿನಲ್ಲೊಂದು ಖಾಲಿ ಸಿಂಟೆಕ್ಸ್ ಟ್ಯಾಂಕು ಬಿದ್ದಿತ್ತು. ಶಶಿರೇಖಾ ಅದನ್ನು ಅಡ್ಡಡ್ಡ ಕೊಯ್ಯಿಸಿ, ಕೆರೆಮಣ್ಣು ಹಾಕಿ, ಒಂದು ನೈದಿಲೆ ಗೆಡ್ಡೆ ಊರಿದಳು. ಆಮೇಲೆ ತೊಟ್ಟಿಗಳಾದವು, ಬಜೆ, ಜೊಂಡು, ಕೆಸು, ತಾವರೆ ಎಲ್ಲ ಬಂದವು, ಗಿರಾಕಿಗಳೂ ಬಂದರು. ನೀರು ಕಂಡರೆ ಹೆದರಿ ಸಾಯಬೇಕಾದವಳು ಇಡೀ ದಿನ ನೀರಲ್ಲೇ ಕೈ ಅದ್ದಿಕೊಂಡು ಕೂರುತ್ತಾಳೆ ಎಂದು ನಾದಿನಿ ಆಡಿಕೊಂಡಳು. ಯಾಕೆಂದು ಶಶಿರೇಖಾಗೂ ಗೊತ್ತಿರಲಿಲ್ಲ. ಈಗ ಈ ಸಂಪಿನಂಥ ಕೊಳದ ಅಂಚಿನಲ್ಲಿ ಕೂತಾಗ ಗೊತ್ತಾದಂತಾಯಿತು.

“ತಾವರೆ ಹಾಕ್ಬಿಡಿ,” ಎಂದ ಬಾಲರಾಜ್. “ಲಕ್ಷ್ಮೀ ಪೂಜೆಗೂ ಆಗುತ್ತೆ.”

“ಈ ಕಡೆ ನಿಮ್ಮ ಮನೆ ನೆರಳು, ಆ ಕಡೆ ಪಕ್ಕದವರ ಬೇವಿನ ಮರ. ಬಿಸಿಲಿಲ್ದೆ ತಾವರೆ ಬರೀ ಎಲೆ ಬಿಡುತ್ತೆ ಸಾರ್, ಹೂ ಬಿಡಲ್ಲ.”

“ಮತ್ತೆ?”

“ಅಂಚಿಗೆ ಒಂದೆಲಗ ಹಾಕೋಣ. ಹಬ್ಬಿ ಕಲ್ಲನ್ನೆಲ್ಲ ಮುಚ್ಕೊಳ್ಳುತ್ತೆ. ನೀರಿನ ಮೇಲೆ ಅಜೋಲಾ. ಹಸುಗಳಿಗೆ ಹಾಕ್ತಾರಲ್ಲ, ಆ ತೇಲೋ ಸೊಪ್ಪು. ನೆರಳಲ್ಲಿ ಹಚ್ಚಗೆ ಇರುತ್ತೆ, ಸೊಳ್ಳೆ ಕಾಟಾನೂ ಕಮ್ಮಿ. ಲಾನು ಎಲ್ಲಿ ಮುಗೀತು, ನೀರು ಎಲ್ಲಿ ಶುರುವಾಯ್ತು ಅಂತ ನೋಡಿದೋರಿಗೆ ತಿಳಿಯಲ್ಲ.”

“ರೆಸಾರ್ಟಲ್ಲಿ ಇರುತ್ತಲ್ಲ, ಹಂಗೆ!” ಅವನ ಮುಖ ಅರಳಿತು. “ಅದನ್ನೇ ಮಾಡಿ.”

ಅವಳು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಮಗುವಿನ ವಯಸ್ಸೆಷ್ಟು ಎಂದು ಅವಳು ಕೇಳಲಿಲ್ಲ. ಮಗುವಿನ ಕಡೆ ನೋಡಲೂ ಇಲ್ಲ. ಅವನಿಗೂ ಒಂದು ಸಂಜೆ ಸಿಗಲಿ ಎಂದಷ್ಟೇ ಅಂದುಕೊಂಡಳು. ಆ ಸಂಜೆಯಲ್ಲಿ ಇನ್ನು ಯಾರಿರುತ್ತಾರೆ ಎಂಬಲ್ಲಿಗೆ ಮನಸ್ಸು ಬಂದರೆ ಅದನ್ನು ಅಲ್ಲೇ ತಡೆದು ವಾಪಸು ಅಟ್ಟುತ್ತಿದ್ದಳು.

ಗಿಡ ನೆಡುವ ದಿನ ಅವಳ ಜೊತೆ ಅಂಜಿನಮ್ಮ ಬಂದಳು. ರಾಜಾನುಕುಂಟೆ ಕಡೆಯ ಹೆಂಗಸು, ಶಶಿರೇಖಾಗಿಂತ ಹಿರಿಯಳು, ತೊಟ್ಟಿಗಳ ಕೆಲಸಕ್ಕೆ ಮೊದಲಿನಿಂದ ಜೊತೆಗಿದ್ದವಳು. ಅಜೋಲಾ ತುಂಬಿದ ಬಕೀಟನ್ನು ಕೊಳಕ್ಕೆ ಸುರಿಯುವ ಮುಂಚೆ ಅವಳು ಬಗ್ಗಿ ಗೋಡೆ ತಡವಿ ನೋಡಿದಳು.

“ಅಕ್ಕಾ, ಮೆಟ್ಲೇ ಇಲ್ವಲ್ಲಕ್ಕ. ಇಂಗೇ ಬಿಡ್ತೀಯಾ? ಇಟ್ಟಿಗೆ ಜೋಡ್ಸಾದ್ ಬ್ಯಾಡ್ವಾ?”

“ಅವರಿಗೆ ಬೇಡ್ವಂತೆ.”

“ಮನೇಲಿ ಮಗ ಐತೆ, ಕಾಣಾಕಿಲ್ವಾ? ಈ ಸೊಪ್ಪು ಮುಚ್ಕಂಡ್ರೆ ನೀರು ಐತೆ ಅಂತ್ಲೇ ತಿಳಿಯಾಕಿಲ್ಲ.”

“ನಿನ್ನ ಕೆಲಸ ನೀನು ನೋಡು ಅಂಜಿನಮ್ಮ.”

ಅಂಜಿನಮ್ಮ ಅವಳ ಮುಖವನ್ನು ಹಾಗೇ ನೋಡಿದಳು. ಆಮೇಲೆ ಬಕೀಟನ್ನು ಕೊಳಕ್ಕೆ ಸುರಿದಳು. ಹಿಂದಿರುಗುವಾಗ ಗೂಡ್ಸ್ ಆಟೋದಲ್ಲಿ ಖಾಲಿ ಬಕೀಟುಗಳ ನಡುವೆ ಕೂತು, “ನಿನ್ನ ಒಟ್ಟೇಲಿ ಉಟ್ಟಿದ್ದು ಓಗೈತೆ. ನಂಗೂ ಗೊತ್ತು,” ಎಂದಳು. “ಆದ್ರೆ ಆ ಮನೆಗೆ ಮಾತ್ರ ಇನ್ನು ನನ್ನ ಕರೀಬ್ಯಾಡ ಕಣಕ್ಕ.”

ಜಾಲಹಳ್ಳಿಯ ಕಡೆಯಿಂದ ಬಂದ ಬಿಎಂಟಿಸಿ ಬಸ್ಸೊಂದು ಮೈಮೇಲೆ ಬಿದ್ದಂತೆ ಹಾದುಹೋಯಿತು.

ಅಜೋಲಾ ಬೆಳೆಯುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಮೊದಲ ಸಲ ನೋಡಲು ಹೋದಾಗ ನೀರಿನ ಮೇಲೆ ಅಲ್ಲಲ್ಲಿ ಹಸಿರು ತೇಪೆಗಳಿದ್ದವು. ಮುಂದಿನ ಸಲ ಹೋದಾಗ ತೇಪೆಗಳು ಒಂದಕ್ಕೊಂದು ಕೂಡಿಕೊಂಡಿದ್ದವು. ಕಡೆಗೆ ಒಂದು ಬೆರಳಷ್ಟು ನೀರೂ ಕಾಣದಾಯಿತು. ಒಂದೆಲಗದ ಬಳ್ಳಿ ಅಂಚಿನ ಕಲ್ಲುಗಳನ್ನು ದಾಟಿ ಇಳಿಬಿದ್ದು ಅಜೋಲಾದ ಮೇಲೆ ಎಲೆ ಹರಡಿತ್ತು. ಬಾಲರಾಜ್ ಬೆಳಿಗ್ಗೆ ವಾಕಿಂಗ್ ಗೆಳೆಯರನ್ನು ಕರೆತಂದು, “ಎಲ್ಲಿದೆ ಹೇಳ್ರೀ ನೀರು?” ಎಂದು ಕೇಳಿ ನಗುತ್ತಿದ್ದನಂತೆ. ಹರ್ಷಿತಾ ಫೋನಿನಲ್ಲಿ ಹೇಳಿದಳು. ಆಮೇಲೆ ದನಿ ತಗ್ಗಿಸಿ, “ಮೇಡಂ, ಮಾವನಿಗೆ ನೀವು ಹೇಳಿದ್ರೆ ಕೇಳ್ತಾರೆ, ಆ ಜಾಲರಿ ವಿಷಯ…” ಎಂದಳು.

“ನೋಡೋಣ,” ಎಂದು ಶಶಿರೇಖಾ ಫೋನಿಟ್ಟಳು.

ಆ ದಿನಗಳಲ್ಲಿ ಫೋನು ಬಡಿದುಕೊಂಡರೆ ಸಾಕು, ಅವಳ ಮೈಯೆಲ್ಲ ಕಿವಿಯಾಗುತ್ತಿತ್ತು. ಬೇರೆ ಯಾರೋ ನೈದಿಲೆ ಇದೆಯೇ ಎಂದು ಕೇಳಿದರೆ ಹಾಯೆನಿಸುತ್ತಿತ್ತು. ಅದರ ಹಿಂದೆಯೇ ಸಿಟ್ಟೂ ಬರುತ್ತಿತ್ತು. ಒಲೆಯ ಮುಂದೆ ನಿಂತು ಅವನ ಮುಖವನ್ನು ಕಲ್ಪಿಸಿಕೊಳ್ಳುತ್ತಿದ್ದಳು. ಕೂಗಿಗೆ ಓಡಿ ಬರುವ ಬಾಲರಾಜ್. ಅವನ ಕಡೆ ಒಂದೊಂದಾಗಿ ತಿರುಗುವ ತಲೆಗಳು. ತಾತ ಅನ್ನಿಸಿಕೊಂಡವರು ಆ ಹೊತ್ತಲ್ಲಿ ಏನು ಮಾಡುತ್ತಿದ್ದರು ಎಂದು ಯಾರಾದರೂ ಕೇಳಬೇಕು. ಯಾರೂ ಕೇಳದಿದ್ದರೆ ತಾನೇ ಕೇಳಬೇಕು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಒಂದೆಲಗ ಕತ್ತರಿಸಲು ಹೋದಳು. ಒಬ್ಬಳೇ. ಹರ್ಷಿತಾ ಕೆಲಸಕ್ಕೆ ಹೋಗಿದ್ದಳು. ವರಾಂಡದಲ್ಲಿ ಬಾಲರಾಜ್ ಫೋನಿನಲ್ಲಿ ಯಾರಿಗೋ ನೀರಿನ ಟ್ಯಾಂಕರಿನವರ ಮೋಸವನ್ನು ವಿವರಿಸುತ್ತಿದ್ದ. ಹುಲ್ಲಿನ ಮೇಲೆ ಮಗು ಚೆಂಡಾಡುತ್ತಿತ್ತು. ಶಶಿರೇಖಾ ಬೆನ್ನು ಮಾಡಿ ಕೂತಳು. ಆದರೂ ಅದೇ ಅವಳ ಬಳಿ ಬಂದು ನಿಂತಿತು.

“ನನ್ನ ಹೆಸ್ರು ಮುನ್ನಿ ಅಲ್ಲ, ಮಾನ್ವಿ. ನಿಂದು?”

“ಹೋಗು, ಆ ಕಡೆ ಆಡ್ಕೋ ಹೋಗು.”

ಮಗು ಹೋಯಿತು. ಒದ್ದ ಚೆಂಡು ಉರುಳುತ್ತ ಬಂದು ಶಶಿರೇಖಾಳ ಪಕ್ಕದಿಂದಲೇ ಹಾದು, ಹಸಿರಿನ ಮೇಲೆ ಇನ್ನೂ ಸ್ವಲ್ಪ ಸರಿದು ನಿಂತಿತು. ಮುಳುಗಲಿಲ್ಲ, ಅಲುಗಾಡಲೂ ಇಲ್ಲ. ಹುಲ್ಲಿನ ಮೇಲೆ ನಿಂತ ಹಾಗೆಯೇ ನಿಂತಿತು. ಮಗು ಅದರ ಹಿಂದೆ ಓಡಿ ಬಂತು. ಶಶಿರೇಖಾ ಅದನ್ನು ನೋಡಿದಳು. ಒಂದು ಹೆಜ್ಜೆ. ಇನ್ನೊಂದು. ಗಂಟಲಿನಿಂದ ದನಿ ಹೊರಡಲಿಲ್ಲ. ಹೊರಡಿಸಲು ಅವಳು ಯತ್ನಿಸಿದಳೋ ಇಲ್ಲವೋ, ಮುಂದೆಂದೂ ಅವಳಿಗೆ ಖಾತ್ರಿಯಾಗಲಿಲ್ಲ. ಆದರೆ ಕೈಗೆ ಅದೆಲ್ಲ ಬೇಕಿರಲಿಲ್ಲ. ಕತ್ತರಿ ಕೆಳಗೆ ಬಿದ್ದಿತ್ತು, ಮಗುವಿನ ಮಣಿಕಟ್ಟು ಅವಳ ಮುಷ್ಟಿಯಲ್ಲಿತ್ತು.

“ನನ್ನ ಚೆಂಡು!” ಎಂದು ಮಗು ಕೊಸರಾಡಿತು. “ತಾತಾ, ಚೆಂಡು!”

ಬಾಲರಾಜ್ ಫೋನು ಜೇಬಿಗಿಟ್ಟುಕೊಂಡು ಚಪ್ಪಲಿ ಎಳೆಯುತ್ತ ಬಂದ. “ಏನಮ್ಮಾ, ಅಲ್ಲೇ ಕೂತಿದ್ದೀರ, ಒಂಚೂರು ಎತ್ಕೊಡಬಾರ್ದಾ?”

ಶಶಿರೇಖಾಳ ಮಾತು ತಣ್ಣಗೆ ಬಂತು.

“ಮಗು ಹಿಡ್ಕೊಂಡಿದ್ದೀನಿ ಸಾರ್. ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕೈಗೇ ಸಿಗುತ್ತೆ.”

ಅಂಚು ಇನ್ನೂ ಆಚೆಗಿದೆ ಎಂದುಕೊಂಡು ಅವನು ಚೆಂಡಿನ ಮೇಲೆ ಕಣ್ಣಿಟ್ಟು ಆ ಹೆಜ್ಜೆ ಇಟ್ಟ.

ಹಸಿರು ಬಾಯ್ದೆರೆದು ಅವನನ್ನು ನುಂಗಿಕೊಂಡಿತು. ತಲೆ ಮುಳುಗಿತು, ಎದ್ದಿತು, ಮತ್ತೆ ಮುಳುಗಿತು. ನುಣ್ಣನೆಯ ತಳದಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಎದೆಮಟ್ಟದ ನೀರಿನಲ್ಲಿ ಆ ದೊಡ್ಡ ಮನುಷ್ಯ ಮುಖ, ಮೂಗು, ಬಾಯಿಗೆಲ್ಲ ಅಜೋಲಾ ಮೆತ್ತಿಕೊಂಡು ಕೈಕಾಲು ಬಡಿಯತೊಡಗಿದ. ತಾತ ಆಟ ಆಡುತ್ತಿದ್ದಾನೆಂದು ಮಗು ಕೇಕೆ ಹಾಕಿ ನಕ್ಕಿತು.

“ಕೋಲು! ಆ ಕೋಲು ಕೊಡಮ್ಮಾ!”

ಸೊಪ್ಪು ಎಳೆಯುವ ಉದ್ದ ಹಿಡಿಯ ಬಾಚಣಿಗೆ ಅವಳ ಕಾಲ ಬಳಿಯೇ ಬಿದ್ದಿತ್ತು. ಅವಳು ಬಗ್ಗಲಿಲ್ಲ.

“ಸಿದ್ದು ಅಂತ,” ಎಂದಳು. “ಎಂಟು ವರ್ಷ. ಯಲಹಂಕದ ನಿಮ್ಮ ಅಪಾರ್ಟ್‌ಮೆಂಟಲ್ಲಿ. ಗ್ರಿಲ್ ಇದ್ರೆ ಅಂದ ಕೆಡುತ್ತೆ ಅಂದಿದ್ರಿ.”

ಅವನು ಕೇಳಿಸಿಕೊಂಡನೋ ಇಲ್ಲವೋ. ಕೊನೆಗೆ ಕೈಗೊಂದು ಅಂಚಿನ ಕಲ್ಲು ಸಿಕ್ಕಿತು. ಒಂದೆಲಗದ ಬಳ್ಳಿಗಳನ್ನು ಹಿಡಿಹಿಡಿಯಾಗಿ ಕಿತ್ತುಕೊಂಡೇ ಮೇಲೆ ತೆವಳಿ, ಹುಲ್ಲಿನ ಮೇಲೆ ಕೂತು ಕೆಮ್ಮಿದ. ಕೆಮ್ಮು ನಿಂತ ಮೇಲೆ ಕಣ್ಣುಜ್ಜಿಕೊಂಡು ಅವಳನ್ನು ಮೊದಲ ಸಲ ನೋಡುವವನಂತೆ ನೋಡಿದ.

“ನೀವು… ಸಿ ಬ್ಲಾಕ್…”

“ಹೌದು.”

ಈ ಗಳಿಗೆಯನ್ನು ಅವಳು ಎಷ್ಟು ಬಗೆಯಲ್ಲಿ ಕಲ್ಪಿಸಿಕೊಂಡಿರಲಿಲ್ಲ! ಅವನು ಅಳುತ್ತಾನೆ, ಕೈಮುಗಿಯುತ್ತಾನೆ, ಇಲ್ಲವೇ ಹೊಡೆಯಲು ಬರುತ್ತಾನೆ ಎಂದುಕೊಂಡಿದ್ದಳು. ಬಾಲರಾಜ್ ಗಂಟಲು ಸರಿಮಾಡಿಕೊಂಡ.

“ಗ್ರಿಲ್ ತೆಗ್ಸಿದ್ದು ನಾನೊಬ್ನೇ ಅಲ್ಲಮ್ಮ. ಕಮಿಟಿ ಎಲ್ಲಾ ಒಪ್ಪಿತ್ತು.”

ಅವಳಿಗೆ ನಗು ಬಂತು. ನಗಲಿಲ್ಲ. ಆದರೆ ಮೀಸೆಯಲ್ಲಿ ಹಸಿರು ಮೆತ್ತಿಕೊಂಡು, ಒಂದು ಚಪ್ಪಲಿ ಕಳೆದುಕೊಂಡು, ಮೊಮ್ಮಗಳ ಎದುರಿಗೆ ನಡುಗುತ್ತ ಕೂತ ಆ ಮನುಷ್ಯನನ್ನು ನೋಡಿ ಅವಳಿಗೆ ಸಂತೋಷವಾಯಿತು. ಅದನ್ನು ಅವಳು ತನ್ನಿಂದ ಮುಚ್ಚಿಡಲಿಲ್ಲ. ಹೊಟ್ಟೆ ತುಂಬ ಉಂಡ ಹಾಗೆ ಸಂತೋಷವಾಯಿತು.

ಅವನು ನೀರಿನ ಕಡೆ ತಿರುಗಿದ. ಅವನು ಬಿದ್ದು ಹೊರಳಾಡಿದ ಜಾಗದಲ್ಲಿ ಹಸಿರು ಮೆಲ್ಲಗೆ ಹತ್ತಿರ ಹತ್ತಿರ ಸರಿದು ಕೂಡಿಕೊಳ್ಳುತ್ತಿತ್ತು. ಅಲ್ಲಿಂದ ಅವನ ಕಣ್ಣು ಚೆಂಡಿನ ಮೇಲೆ ಬಿತ್ತು, ಚೆಂಡಿನಿಂದ ಮಗುವಿನ ಮೇಲೆ. ಬಾ ಎಂಬಂತೆ ಕೈ ಚಾಚಿದ.

“ಬಿಡು ಆಂಟೀ,” ಎಂದಿತು ಮಗು.

ತಾನಿನ್ನೂ ಆ ಕೈ ಹಿಡಿದಿರುವುದು ಶಶಿರೇಖಾಗೆ ಆಗ ಗೊತ್ತಾಯಿತು. ಬೆರಳುಗಳು ಸುಲಭಕ್ಕೆ ಬಿಚ್ಚಿಕೊಳ್ಳಲಿಲ್ಲ. ಬಿಟ್ಟೊಡನೆ ಮಗು ತಾತನ ಬಳಿ ಓಡಿ, ಅವನ ಒದ್ದೆ ಮಂಡಿಗೆ ಒರಗಿ, ಮಣಿಕಟ್ಟನ್ನು ಮುಖದ ಮುಂದೆ ಹಿಡಿಯಿತು. ಎಳೆಯ ಚರ್ಮದ ಮೇಲೆ ನಾಲ್ಕು ಕೆಂಪು ಗೆರೆಗಳು ಎದ್ದಿದ್ದವು.

“ತಾತಾ, ನೋಡು, ಬಳೆ!”

ಬಾಲರಾಜ್ ನೋಡಿದ. ತಲೆ ಎತ್ತಿ ಶಶಿರೇಖಾಳನ್ನು ನೋಡಿದ.

ಅವಳು ಬಗ್ಗಿ ಬಾಚಣಿಗೆ ಎತ್ತಿಕೊಂಡಳು. ಕೊಳಕ್ಕೆ ಹಾಕಿ ಹಸಿರನ್ನು ತನ್ನ ಕಡೆ ಎಳೆದು, ನೀರು ಸೋರುತ್ತಿದ್ದ ಅದನ್ನು ಹುಲ್ಲಿನ ಮೇಲೆ ಸುರಿದಳು. ಮತ್ತೆ ಹಾಕಿದಳು, ಮತ್ತೆ ಎಳೆದಳು. ತಾತನನ್ನು ಬಿಟ್ಟು ಎದ್ದು ಬರಲು ಹೊರಟ ಮಗುವನ್ನು ಬಾಲರಾಜ್ ಎರಡೂ ಕೈಯಲ್ಲಿ ತಬ್ಬಿ ಹಿಡಿದುಕೊಂಡ. ಅವಳ ಮುಂದೆ ಮೊದಲು ಒಂದು ತಟ್ಟೆಯಷ್ಟು, ಆಮೇಲೆ ಒಂದು ಚಾಪೆಯಷ್ಟು ಕಪ್ಪು ನೀರು ತೆರೆದುಕೊಂಡಿತು. ಅದರೊಳಗೆ ಬೇವಿನ ರೆಂಬೆಯೊಂದು ಅಲುಗುತ್ತಿತ್ತು.