ಗುಡ್ಡನನ್ನು ಕರೆಯಲು ಹೋದದ್ದು

ಮಂಡಿ ನೋವು ಹೆಚ್ಚಾಗಿ ಮೀನಿನ ಬುಟ್ಟಿ ಇಳಿಸಿದ ವರ್ಷವೇ ಹರಿಣಾಕ್ಷಿಗೆ ಹೊಸದೊಂದು ಬಳಗ ಸಿಕ್ಕಿತು. ಸಿಕ್ಕಿದ್ದು ಕೋಡಿಯ ತನ್ನ ಮನೆಯಲ್ಲೇ, ಸೊಸೆಯ ಕಂಪ್ಯೂಟರಿನೊಳಗೆ. ಸೊಸೆ ಶ್ರೀಲತಾ ಕುಂದಾಪುರ ಪೇಟೆಯ ಸ್ಟುಡಿಯೋದಲ್ಲಿ ಮದುವೆಯ ಆಲ್ಬಮ್ ಮಾಡುವವಳು. ವಾರವಿಡೀ ಕಂಡವರ ಮದುಮಗಳ ಮುಖ ಬೆಳ್ಳಗೆ ಮಾಡಿ ಬೇಸತ್ತು, ಭಾನುವಾರ ಊಟವಾದ ಮೇಲೆ ಒಂದು ಹಡಗಿನ ಆಟಕ್ಕೆ ಕೂರುತ್ತಿದ್ದಳು. ಹಡಗಿನ ಒಡತಿಯೊಬ್ಬಳು ಜೊತೆಗಾರರನ್ನು ಕಟ್ಟಿಕೊಂಡು ದ್ವೀಪದಿಂದ ದ್ವೀಪಕ್ಕೆ ಹೋಗುತ್ತ ಕಡಲುಗಳ್ಳರೊಡನೆ ಹೊಡೆದಾಡುವ ಆಟ. ಹರಿಣಾಕ್ಷಿ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು, ಸಿಗಡಿ ಸುಲಿಯುತ್ತ ನೋಡುವಳು.

ಆ ಜೊತೆಗಾರರ ಇಂಗ್ಲಿಷ್ ಹೆಸರು ಅವಳ ನಾಲಗೆಗೆ ಹೊರಳಲಿಲ್ಲ. ಹಾಗಾಗಿ ಗುರಾಣಿ ಹಿಡಿದ ಗಟ್ಟಿಗಿತ್ತಿ ಜಲಜ ಆದಳು. ಬೀಗ ಮುರಿಯುವ, ಸದಾ ಗೊಣಗುವ ಬಡಕಲ ಪದ್ದು ಆದ. ಹೊಟ್ಟೆ ಮುಂದೆ ಬಿಟ್ಟುಕೊಂಡು ನಡೆಯುವ ಅಡುಗೆಯ ಮುದುಕ ಗುಡ್ಡ. ಈ ಗುಡ್ಡನ ಮೇಲೆ ಅವಳಿಗೆ ಒಂದು ತೂಕ ಹೆಚ್ಚು ಅಕ್ಕರೆ. ತೀರಿಹೋದ ಗಂಡ ತಂಡೇಲನಾಗಿ ನಡೆಸುತ್ತಿದ್ದ ಬೋಟಿನಲ್ಲಿ ಗಂಜಿ ಬೇಯಿಸುತ್ತಿದ್ದವನಿಗೂ ಇಂಥದೇ ಹೊಟ್ಟೆ, ಇಂಥದೇ ನಡಿಗೆ.

ಶ್ರೀಲತಾ ಒಳ್ಳೊಳ್ಳೆ ಕವಚವೆಲ್ಲ ಜಲಜಳಿಗೆ ಹಾಕಿ, ಗುಡ್ಡನನ್ನು ಹರಕು ಅಂಗಿಯಲ್ಲೇ ಬಿಟ್ಟಿದ್ದಳು. ಇದು ಬ್ರಹ್ಮಾವರದ ಅವಳ ಅಣ್ಣ ಶೈಲೇಶನ ಉಪದೇಶ. ಮುದುಕನ ಮೇಲೆ ಏನನ್ನೂ ಹಾಳು ಮಾಡಬೇಡ, ಹೇಗೂ ಕೊನೆಯ ಕಾಳಗದಲ್ಲಿ ಸಾಯುವವ, ನನ್ನ ಆಟದಲ್ಲೂ ಸತ್ತ ಎಂದು ಫೋನಿನಲ್ಲಿ ಹೇಳಿದ್ದ. ಹರಿಣಾಕ್ಷಿ ಸಿಗಡಿಯ ತಟ್ಟೆ ಕೆಳಗಿಟ್ಟಳು.

"ದೋಣಿ ಹತ್ದರಿಗೆಲ್ಲ ಪಾಲಿತ್ ಹೆಣೆ. ಬಲೆ ಎಳ್ದವ್ನಿಗೂ ಸೈ, ಗಂಜಿ ಬೇಯ್ಸ್ದವ್ನಿಗೂ ಸೈ."

ಅಂದಿನಿಂದ ಸಿಕ್ಕಿದ್ದರಲ್ಲಿ ಎಲ್ಲರಿಗೂ ಸಮಪಾಲು, ಗುಡ್ಡನ ಮೈಗೂ ಒಂದು ಕವಚ ಬಂತು. ಆಟ ಆಮೆಯ ಹಾಗೆ ಸಾಗಿತು, ಶೈಲೇಶ ನಗಾಡಿದ. ಆದರೆ ಕೊನೆಯ ಕಾಳಗದ ಹೊಗೆ ಚದುರಿದಾಗ ಗುಡ್ಡ ಕೆಮ್ಮುತ್ತ, ಸೌಟು ಹಿಡಿದು ನಿಂತಿದ್ದ. ಅತ್ತೆ ಸೊಸೆ ಇಬ್ಬರೂ ಅವನನ್ನೇ ನೋಡುತ್ತ ಕೂತರು. ಹಡಗು ಬಂದರು ಸೇರಿತು.

ಅಷ್ಟರಲ್ಲಿ ಒಳಗೆ ಹಾಲು ಉಕ್ಕುವ ವಾಸನೆ ಬಂದು ಶ್ರೀಲತಾ ಓಡಿದಳು. ಪರದೆಯ ಮೇಲೆ ಜಲಜಳ ಮುಖ, ಕೆಳಗೆ ಎರಡು ಚಿತ್ರ ಮೂಡಿದವು: ಒಂದು ಲಂಗರು, ಒಂದು ಮನೆ. ಮೌಸ್ ಒತ್ತಲು ಹರಿಣಾಕ್ಷಿ ಆಗಲೇ ಕಲಿತಿದ್ದಳು. ಮನೆಯನ್ನು ಒತ್ತಿದಳು. ಆಮೇಲೆ ಪದ್ದು, ಆಮೇಲೆ ಗುಡ್ಡ. ಎಲ್ಲರಿಗೂ ಮನೆಯೇ.

ಸೊಸೆ ಬಂದು ನೋಡುವಾಗ ಹಡಗು ಬರಿದೋ ಬರಿದು.

"ಎಂತ ಮಾಡ್ದ್ರಿ ಅತ್ತೆ?"

"ಸೀಸನ್ ಮುಗೀತಲ್ದಾ. ಎಲ್ಲರ್ನೂ ಮನಿಗೆ ಕಳ್ಸ್ದೆ."

ಮಳೆಗಾಲಕ್ಕೆ ಬೋಟು ದಡಕ್ಕೆ ಬಿದ್ದ ಮೇಲೆ ಬೋಟಿನಾಳು ಕಲಾಸಿಗಳನ್ನು ಕಟ್ಟಿಹಾಕಿಕೊಳ್ಳುವುದುಂಟೇ? ಪಾಲು ಕೊಟ್ಟು ಮನೆಗೆ ಕಳಿಸುವುದು ಮರ್ಯಾದೆ. ಆದರೆ ಆಟದ ಮರ್ಯಾದೆ ಬೇರೆ ಇತ್ತು. ಲಂಗರು ಒತ್ತಿದರೆ ಮಾತ್ರ ಅವರು ಹಡಗಿನಲ್ಲೇ ಉಳಿದು ಎರಡನೇ ಭಾಗಕ್ಕೂ ಬರುವರು ಎಂದು ಶೈಲೇಶ ಹೇಳಿದ್ದನಂತೆ. ಹಿಂದಕ್ಕೆ ಹೋಗಲು ದಾರಿ ಇರಲಿಲ್ಲ. ಶ್ರೀಲತಾ ಪ್ರತಿ ಸಲ ಆಟವನ್ನು ಸೇವ್ ಮಾಡುವಾಗ ಹಳೆಯದರ ಮೇಲೇ ಹೊಸದನ್ನು ಉಳಿಸುತ್ತ ಬಂದವಳು. ಅವಳು ಸಿಟ್ಟಿನಲ್ಲಿ ಮಾತು ಬಿಡುವವಳಲ್ಲ. ಆ ವಾರ ಸಾರಿಗೆ ಹುಳಿ ಮಾತ್ರ ಸ್ವಲ್ಪ ಹೆಚ್ಚೇ ಬಿತ್ತು. ಹರಿಣಾಕ್ಷಿ ಹುಳಿಯನ್ನೂ ಉಂಡಳು, ತನ್ನ ಕೈಯ ಕೆಲಸವನ್ನೂ ನುಂಗಿಕೊಂಡಳು.

ಆಟದ ಎರಡನೇ ಭಾಗ ಬಂದದ್ದು ಮರುವರ್ಷದ ನವರಾತ್ರಿ ಕಳೆದ ಮೇಲೆ. ಹಡಗೇನೋ ಹಳೆಯದೇ. ಬಂದರಿನಲ್ಲಿ ಹೊಸ ಮುಖಗಳು ಕೆಲಸ ಕೇಳಿಕೊಂಡು ಸಾಲುಗಟ್ಟಿ ನಿಂತಿದ್ದವು. ಶ್ರೀಲತಾ ಒಲ್ಲದ ಮನಸ್ಸಿನಿಂದ ಒಬ್ಬನನ್ನು ಆರಿಸಹೊರಟಾಗ ಹರಿಣಾಕ್ಷಿ ಅವಳ ಕೈ ತಡೆದಳು. ಮಳೆ ಮುಗಿದು ಬೋಟು ಇಳಿಸುವ ಮೊದಲು ಗಂಡ ಎಲೆ-ಅಡಿಕೆ ಹಿಡಿದು ಒಬ್ಬೊಬ್ಬ ಕಲಾಸಿಯ ಮನೆಗೂ ಹೋಗಿ ಕರೆಯುತ್ತಿದ್ದದ್ದನ್ನು ಹೇಳಿದಳು. ಕರೆಯದೆ ಬಂದರೆ ಅವರಿಗೆ ಸಣ್ಣತನ, ಕರೆಯದಿದ್ದರೆ ತಂಡೇಲನಿಗೆ.

"ಅದ್ ಆಟ ಅತ್ತೆ. ಕರುದೂ ಇಲ್ಲೆ, ಬಪ್ಪುದೂ ಇಲ್ಲೆ."

"ಇಲ್ದಿರೆ ಇಲ್ಲೆ. ಬಾಗ್ಲಿಗೆ ಹೋಯಿ ಕಾಂಬ."

ಹಳೆಯ ದ್ವೀಪಗಳು ನಕಾಶೆಯ ಒಂದು ಮೂಲೆಯಲ್ಲಿ ಇನ್ನೂ ಇದ್ದವು. ಅಲ್ಲಿಗೆ ಮುಟ್ಟುವುದರೊಳಗೆ ಭಾನುವಾರದ ಅರ್ಧ ಹೊತ್ತು ಹೋಯಿತು. ಜಲಜ ಮನೆಯಲ್ಲೇ ಇದ್ದಳು, ಆದರೆ ತುಂಬು ಬಸುರಿ. ಬರಲಾಗದೆಂದು ಗುರಾಣಿಯನ್ನು ಮಾತ್ರ ಕೊಟ್ಟಳು. ಬಾಣಂತನ ಮುಗಿಯಲಿ, ಅವಸರವಿಲ್ಲ ಎಂದಳು ಹರಿಣಾಕ್ಷಿ. ಪದ್ದುವಿನ ಮನೆಗೆ ಬೀಗ, ಅವನೆಲ್ಲಿ ಹೋದನೋ ಯಾರಿಗೂ ಗೊತ್ತಿಲ್ಲ. ಶ್ರೀಲತಾ ಸೋತವಳಂತೆ ಕುರ್ಚಿಗೆ ಒರಗಿದಳು. ಉಳಿದದ್ದು ಒಂದೇ ಮನೆ.

ಬೆಟ್ಟದ ನೆತ್ತಿಯ ಗುಡಿಸಲಿನಿಂದ ಹೊಗೆ ಬರುತ್ತಿತ್ತು. ಬಾಗಿಲಲ್ಲಿ ಹೊಟ್ಟೆ ಮೊದಲು ಕಂಡಿತು, ಆಮೇಲೆ ಗುಡ್ಡ. ಅವನು ಏನೋ ಬಡಬಡ ಹೇಳಿದ. ಹರಿಣಾಕ್ಷಿ ಸೊಸೆಯ ಮುಖ ನೋಡಿದಳು. ಶ್ರೀಲತಾ ಪರದೆಯ ಮೇಲಿನ ಸಾಲು ಓದಿ ತಡೆದು ತಡೆದು ಹೇಳಿದಳು: ಕೊಟ್ಟ ಪಾಲಿನಲ್ಲಿ ಈ ಊಟದಂಗಡಿ ಹಾಕಿದ್ದಾನಂತೆ. ಗಿರಾಕಿ ಚೆನ್ನಾಗಿದೆಯಂತೆ. ಇಷ್ಟು ತಡವಾಗಿ ಕರೆಯಲು ಬಂದದ್ದೇಕೆ ಅಂತ ಕೇಳುತ್ತಾನೆ.

ಗುಡ್ಡ ಒಳಗೆ ಹೋದ. ಬಾಗಿಲು ಮುಚ್ಚಿತು. ಮತ್ತೆ ಬಾಗಿಲು ತೆರೆದಾಗ ಅವನ ಕೈಯಲ್ಲಿ ಸೌಟಿತ್ತು, ಮೈಮೇಲೆ ಹೋದ ವರ್ಷ ಪಾಲಿಗೆ ಬಂದ ಅದೇ ಕವಚ.

ಮುಂದಿನ ಭಾನುವಾರ ಶೈಲೇಶ ಬ್ರಹ್ಮಾವರದಿಂದ ಮೊದಲ ಬಸ್ಸಿಗೇ ಬಂದಿಳಿದ. ತನ್ನ ಆಟದಲ್ಲಿ ಸತ್ತ ಮುದುಕ ಇವರಲ್ಲಿ ಸೌಟು ಬೀಸುತ್ತಾನೆಂಬ ಸುದ್ದಿಯಲ್ಲಿ ಅವನಿಗೆ ನಂಬಿಕೆ ಬಂದಿರಲಿಲ್ಲ. ನೋಡಿದ, ಕುರ್ಚಿ ಎಳೆದು ಇನ್ನೂ ಹತ್ತಿರ ಕೂತು ನೋಡಿದ. ತಂಗಿ ನಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಮಧ್ಯಾಹ್ನಕ್ಕೆ ಸಿಗಡಿ ಸುಕ್ಕವೇ ಎಂದು ಅವನು ಕೇಳುವಷ್ಟರಲ್ಲಿ ಹರಿಣಾಕ್ಷಿ ತನ್ನ ತಟ್ಟೆಯನ್ನು ಅವನ ತೊಡೆಯ ಮೇಲಿಟ್ಟಳು.

"ಬರೀ ಕಾಂಬುಕೆ ಬಂದರಿಗೆ ಪಾಲಿಲ್ಲೆ ಮಗಾ. ಸುಲಿ."